ಭಾರವಾದ ಸಾಮಾನು ಜಾರುವುದಿಲ್ಲವೆ?

ಬೆಂಗಳೂರಿನ ಪೂರ್ವಭಾಗದಲ್ಲಿರುವ ಜೀವನ್ ಬಿಮಾ ನಗರದ ನಮ್ಮ ಬೀದಿಗೆ ತಿಂಗಳ ಮೊದಲ ವಾರದಲ್ಲಿ ಗೂಡುಗಾಡಿ ಬಾರದ ದಿನವಿಲ್ಲ. ಮೇಲೆ, ಮುಂದೆ, ಎರಡು ಪಕ್ಕಗಳಲ್ಲಿ ತಗಡು ಹೊದಿಸಿ, ಹಿಂದೆ ಬಾಗಿಲಿಟ್ಟು, ದೊಡ್ಡ ಪೆಟ್ಟಿಗೆಯಂತೆ ಮುಚ್ಚಿರುವ ಸರಕಿನ ಗಾಡಿಯನ್ನು ನಾವು ಇಲ್ಲಿ ಗೂಡುಗಾಡಿ ಎನ್ನುತ್ತಿದ್ದೇವೆ. ಜನ ಅದನ್ನು ಕಂಟೇನರ್ ಗಾಡಿಯೆಂದು ಕರೆಯುವರು. ಜೀವವಿಮಾ ನಿಗಮದ ವಸತಿಗಳಿಂದ ಹೆಸರು ಪಡೆದ ಈ ಬಡಾವಣೆಯಲ್ಲಿ ಬಾಡಿಗೆಯ ಮನೆಗಳು ಹೆಚ್ಚು. ಮನೆ ಬದಲಾಯಿಸುವವರೂ ಹೆಚ್ಚು. ಹಮಾಲಿಗಳು ಬೀರು, ಮಂಚ, ಬಟ್ಟೆ ಒಗೆಯುವ ಯಂತ್ರಗಳನ್ನು ಒಂದರ ಪಕ್ಕದಲ್ಲೊಂದು ಒತ್ತರಿಸಿ ಬಾಗಿಲು ಹಾಕಿ ಅಗುಳಿ ಜಡಿಯುವರು. ಅಲ್ಲಿಗೆ ಎಲ್ಲವೂ ಕ್ಷೇಮವಾಯಿತೆಂದು ಮನೆಯವರ ನಂಬಿಕೆ. ತೆರೆದ ಲಾರಿಯಾದರೆ ಹೀಗಲ್ಲ. ಅಲ್ಲಿ ಹಗ್ಗ ಹಾಕಿ, ತಾಡಪಾಲು ಹೊದಿಸಿ, ಕ್ಲೀನರನು ಮೇಲೆ ಹತ್ತಿ ಜಗ್ಗಿ ನೋಡುವನು. ಬಿದ್ದರೆ ಬೀದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವುದಲ್ಲವೆ? ಗೂಡು ಮುಚ್ಚಿದೊಡನೆ ಆ ಎಚ್ಚರವೂ ಮುಚ್ಚಿಹೋಗುವುದು.

ಈ ಮಾತನ್ನು ನಾವು ದೂರಲೆಂದು ಹೇಳುತ್ತಿಲ್ಲ. ಎರಡು ವರ್ಷಗಳ ಕೆಳಗೆ ಇದೇ ತಪ್ಪನ್ನು ಮಾಡಿದವರು ನಾವೇ. ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ ಕೋಲಾರದ ಕಡೆಯ ಒಂದು ಪ್ರೌಢಶಾಲೆಗೆ ಪ್ರಯೋಗಗಳನ್ನು ತೋರಿಸಲು ಬಾಡಿಗೆಯ ಗೂಡುಗಾಡಿಯಲ್ಲಿ ಉಪಕರಣಗಳನ್ನು ತುಂಬಿಕೊಂಡು ಹೊರಟಿದ್ದೆವು. ಗಂಟೆಯಾಕಾರದ ಗಾಜಿನ ಜಾಡಿ, ಅದರೊಳಗಿನ ಗಾಳಿಯನ್ನು ಹೀರುವ ಮೂವತ್ತು ಕಿಲೋಗ್ರಾಂ ತೂಕದ ಪಂಪು, ಬ್ಯಾಟರಿಗಳು, ಮಸೂರಗಳ ಪೆಟ್ಟಿಗೆ ಎಲ್ಲವೂ ಒಳಗಿದ್ದುವು. ಗಾಜಿನ ಸಾಮಾನನ್ನು ಅಲುಗದಂತೆ ಹಿಡಿದುಕೊಂಡಿರಲಿ ಎಂದು ಪ್ರಯೋಗಶಾಲೆಯ ಸಹಾಯಕರನ್ನು ಗೂಡಿನೊಳಗೆ ಕೂರಿಸಿದೆವು. ಸರಕಿನ ಗೂಡಿನಲ್ಲಿ ಮನುಷ್ಯರನ್ನು ಕೂರಿಸಬಾರದೆಂಬ ನಿಯಮ ನಮಗೆ ಗೊತ್ತಿರಲಿಲ್ಲವೆಂದಲ್ಲ, ಆದರೂ ಕೂರಿಸಿದೆವು. ಅವರು ಮುಂಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತರು. ಪಂಪು ಅವರಿಂದ ಒಂದೂವರೆ ಮೀಟರು ಹಿಂದೆ, ಬರಿಯ ನೆಲದ ಮೇಲಿದ್ದಿತು. ಅದನ್ನು ಕಟ್ಟಬೇಕೆಂಬ ಯೋಚನೆಯೇ ಬರಲಿಲ್ಲ. ಅಷ್ಟು ಭಾರದ ವಸ್ತು ಎಲ್ಲಿಗೆ ಹೋದೀತು?

ಹಳೆಯ ಮದರಾಸು ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯನ್ನು ದಾಟಿ ಕೃಷ್ಣರಾಜಪುರದ ತೂಗುಸೇತುವೆಯ ಕಡೆಗೆ ಸಾಗುತ್ತಿದ್ದಾಗ ಬೈಕೊಂದು ಅಡ್ಡ ನುಗ್ಗಿತು. ಚಾಲಕನು ಬ್ರೇಕನ್ನು ಬಲವಾಗಿ ಒತ್ತಿದನು. ಬೈಕಿನವನು ಉಳಿದನು. ಗೂಡಿನೊಳಗಿಂದ ಒಂದು ಸದ್ದು, ಅದರ ಹಿಂದೆಯೇ ಒಂದು ಕೂಗು ಕೇಳಿಸಿತು. ಬಾಗಿಲು ತೆಗೆದು ನೋಡಿದರೆ ಜಾಡಿ ಚೂರಾಗಿದ್ದಿತು. ಸಹಾಯಕರ ಎಡಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದಿದ್ದಿತು. ಅವರು ನಮಗಿಂತ ಹಿರಿಯರು. ಮೂರು ತಿಂಗಳು ಹಾಸಿಗೆ ಹಿಡಿದರು. ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ನ್ಯೂಟನ್ನನ ಮೊದಲನೆಯ ನಿಯಮವನ್ನು ಬರೆದು ವಿವರಿಸುವ ನಮಗೆ ಅವರ ಮುಂದೆ ನಿಂತು ಹೇಳಲು ಮಾತೇ ಇರಲಿಲ್ಲ.

ಪಂಪು ಮುಂದಕ್ಕೆ ನುಗ್ಗಿತು ಎನ್ನುವುದು ಮಾತಿನ ರೂಢಿ. ವಾಸ್ತವವಾಗಿ ಅದು ಮೊದಲು ಹೋಗುತ್ತಿದ್ದ ವೇಗದಲ್ಲಿಯೇ ಹೋಗುತ್ತಿದ್ದಿತು. ನಿಧಾನವಾದುದು ಅದರ ಕೆಳಗಿನ ನೆಲ. ಗಾಡಿಯನ್ನು ಬ್ರೇಕು ನಿಲ್ಲಿಸುವುದು, ಸರಿ. ಗಾಡಿಯೊಳಗಿನ ಸಾಮಾನನ್ನು ನಿಲ್ಲಿಸುವವರು ಯಾರು? ಕಟ್ಟದ ಸಾಮಾನಿಗೆ ಇರುವುದು ಒಂದೇ ಬ್ರೇಕು. ಅದು ನೆಲಕ್ಕೂ ಸಾಮಾನಿನ ತಳಕ್ಕೂ ನಡುವಣ ಘರ್ಷಣೆ.

ಹಾಗಾದರೆ ಭಾರವಾದ ವಸ್ತುವಿಗೆ ಘರ್ಷಣೆಯೂ ಹೆಚ್ಚಲ್ಲವೆ ಎಂದು ವಾಚಕರು ಕೇಳಬಹುದು. ಹೆಚ್ಚು, ನಿಜ. ಎರಡರಷ್ಟು ಭಾರವಾದ ಪೆಟ್ಟಿಗೆಯನ್ನು ನೆಲದ ಮೇಲೆ ತಳ್ಳಲು ಎರಡರಷ್ಟು ಬಲ ಬೇಕೆಂಬುದು ಎಲ್ಲ ಹಮಾಲಿಗಳಿಗೂ ತಿಳಿದ ವಿಷಯ. ಭಾರವಾದುದು ಅಲ್ಲಾಡದು ಎಂಬ ನಂಬಿಕೆ ಹುಟ್ಟಿರುವುದು ಈ ಅನುಭವದಿಂದಲೇ. ಆದರೆ ನಿಂತ ಪೆಟ್ಟಿಗೆಯನ್ನು ತಳ್ಳುವುದು ಬೇರೆ, ಓಡುತ್ತಿರುವ ಪೆಟ್ಟಿಗೆಯನ್ನು ತಡೆಯುವುದು ಬೇರೆ. ಎರಡರಷ್ಟು ಭಾರದ ಪೆಟ್ಟಿಗೆಯನ್ನು ಅಷ್ಟೇ ಕಾಲದಲ್ಲಿ ನಿಲ್ಲಿಸಲು ಎರಡರಷ್ಟು ಬಲ ಬೇಕು. ಘರ್ಷಣೆ ಒದಗಿಸುವುದೂ ಸರಿಯಾಗಿ ಎರಡರಷ್ಟನ್ನೇ. ಲೆಕ್ಕದ ಎರಡು ಕಡೆಯಲ್ಲಿಯೂ ತೂಕವಿರುವುದರಿಂದ ಅದು ಹೊಡೆದುಹೋಗುವುದು. ಒಂದು ಬೆಂಕಿಪೊಟ್ಟಣವೂ ಒಂದು ಕಬ್ಬಿಣದ ಬೀರುವೂ ಒಂದೇ ನೆಲದ ಮೇಲೆ, ಒಂದೇ ಬಗೆಯ ತಳದೊಡನೆ ನಿಂತಿದ್ದರೆ, ಬ್ರೇಕು ಒತ್ತಿದಾಗ ಎರಡೂ ಒಂದೇ ಕ್ಷಣದಲ್ಲಿ ಜಾರತೊಡಗುವುವು. ವ್ಯತ್ಯಾಸವಿರುವುದು ಜಾರಿದ ಮೇಲೆ ಅವು ಮಾಡುವ ಹಾವಳಿಯಲ್ಲಿ.

ಇದನ್ನು ತರಗತಿಯಲ್ಲಿ ಒಂದು ಹಲಗೆಯಿಂದ ತೋರಿಸಬಹುದು. ಆ ಘಟನೆಯಾದ ಮೇಲೆ ನಾವು ಪ್ರತಿವರ್ಷವೂ ತೋರಿಸುತ್ತೇವೆ. ಗಾಡಿಯ ನೆಲಕ್ಕೆ ಹಾಕುವಂಥ ಪ್ಲೈವುಡ್ಡಿನ ಒಂದು ಮೀಟರು ಉದ್ದದ ತುಂಡಿನ ಮೇಲೆ ಕಬ್ಬಿಣದ ಡಬ್ಬಿಯನ್ನಿಟ್ಟು ಒಂದು ತುದಿಯನ್ನು ಮೆಲ್ಲನೆ ಎತ್ತಿದೆವು. ತುದಿ ಸುಮಾರು 29 ಸೆಂಟಿಮೀಟರು ಏರಿದಾಗ ಡಬ್ಬಿ ಜಾರಿತು. ಡಬ್ಬಿಯ ತುಂಬ ಮೊಳೆಗಳನ್ನು ತುಂಬಿದೆವು. ಜಾರಿದ್ದು ಅದೇ ಎತ್ತರದಲ್ಲಿ. ಹಲಗೆಯ ಇಳಿಜಾರಿನಿಂದ ಲೆಕ್ಕ ಹಾಕಿದರೆ ಘರ್ಷಣಾಂಕ 0.3 ಎಂದು ಬರುವುದು. ಅಂದರೆ ಈ ನೆಲವು ಯಾವ ವಸ್ತುವನ್ನೇ ಆಗಲಿ ಅದರ ತೂಕದ ಹತ್ತರಲ್ಲಿ ಮೂರು ಪಾಲಿನಷ್ಟು ಬಲದಿಂದ ಮಾತ್ರ ತಡೆದು ಹಿಡಿಯಬಲ್ಲುದು. ಹಲಗೆಯ ಮೇಲೆ ಒಂದು ಹಿಡಿ ಮಣ್ಣಿನ ಪುಡಿ ಉದುರಿಸಿದಾಗ 20 ಸೆಂಟಿಮೀಟರಿಗೇ ಡಬ್ಬಿ ಹೊರಟಿತು. ನಮ್ಮ ಸರಕಿನ ಗಾಡಿಗಳ ನೆಲದಲ್ಲಿ ಮಣ್ಣಿಗೇನೂ ಕೊರತೆಯಿಲ್ಲ.

ಇನ್ನು, ಬ್ರೇಕು ಕೇಳುವುದೆಷ್ಟು? ಯೂರೋಪು ಮತ್ತು ಅಮೆರಿಕಗಳಲ್ಲಿ ಸರಕು ಕಟ್ಟುವುದಕ್ಕೆ ಇರುವ ನಿಯಮಗಳು ಈ ವಿಷಯದಲ್ಲಿ ಒಮ್ಮತದಿಂದಿವೆ. ಮುಂದಕ್ಕೆ ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲು, ಹಿಂದಕ್ಕೂ ಪಕ್ಕಕ್ಕೂ ಅರ್ಧಪಾಲು ಬಲವನ್ನು ತಡೆಯುವಂತೆ ಸರಕನ್ನು ಬಂಧಿಸಬೇಕು. ಪಕ್ಕದ ಅರ್ಧಪಾಲು ತಿರುವುಗಳಿಗಾಗಿ. ನೆಲ ಕೊಡುವುದು ಮೂರು ಪಾಲು, ಬೇಕಾದುದು ಎಂಟು ಪಾಲು. ಉಳಿದ ಐದು ಪಾಲನ್ನು ನಾವು ಒದಗಿಸಬೇಕು. ಸರಕು ಕಟ್ಟುವ ವಿದ್ಯೆಯೆಲ್ಲ ಈ ಐದು ಪಾಲಿನ ಸಂಪಾದನೆಯೇ.

ಗೂಡಿನ ಗೋಡೆ ಇರುವುದಲ್ಲ, ಅದು ತಡೆಯಲಾರದೆ? ಮುಟ್ಟಿಕೊಂಡಿದ್ದರೆ ಸ್ವಲ್ಪಮಟ್ಟಿಗೆ ತಡೆದೀತು. ನಡುವೆ ತೆರಪಿದ್ದರೆ ಕಥೆ ಬೇರೆ. ನೂರು ಕಿಲೋಗ್ರಾಂ ತೂಕದ ಪೆಟ್ಟಿಗೆಯೊಂದು ಮುಂಗೋಡೆಯಿಂದ ಒಂದು ಮೀಟರು ಹಿಂದೆ ಇದೆಯೆಂದು ಭಾವಿಸೋಣ. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿ ತೂಕದ ಅರ್ಧಪಾಲಿನ ಬಲದಿಂದ ನಿಲ್ಲುತ್ತಿರುವಾಗ, ಹತ್ತರಲ್ಲಿ ಮೂರು ಪಾಲನ್ನು ಘರ್ಷಣೆ ಕಳೆಯುವುದು. ಉಳಿದ ಎರಡು ಪಾಲಿನಿಂದ ಪೆಟ್ಟಿಗೆ ಗೋಡೆಯ ಕಡೆಗೆ ವೇಗ ಗಳಿಸುವುದು. ಗೋಡೆಯನ್ನು ಮುಟ್ಟುವ ವೇಳೆಗೆ ಅದರ ವೇಗ ಗಂಟೆಗೆ ಏಳು ಕಿಲೋಮೀಟರು, ಅಂದರೆ ಬಿರುಸಾಗಿ ನಡೆಯುವವನ ವೇಗ. ಇಷ್ಟೆಯೆ ಎನ್ನಬೇಡಿ. ಒಂದು ಮೀಟರಿನುದ್ದಕ್ಕೆ ಕೂಡಿಸಿಕೊಂಡ ಈ ವೇಗವನ್ನು ಗೋಡೆಯ ತಗಡು ಎರಡು ಸೆಂಟಿಮೀಟರು ಬಾಗುವಷ್ಟರಲ್ಲಿ ಕಳೆಯಬೇಕು. ದೂರ ಐವತ್ತರಲ್ಲಿ ಒಂದಾದರೆ ಬಲ ಐವತ್ತರಷ್ಟಾಗಬೇಕು. ಲೆಕ್ಕ ಮಾಡಿದರೆ ಸಾವಿರ ಕಿಲೋಗ್ರಾಂ ತೂಕದ ಬಲ. ಪೆಟ್ಟಿಗೆಯ ತೂಕದ ಹತ್ತರಷ್ಟು. ನಮ್ಮ ಪಂಪು ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರು ವೇಗದಲ್ಲಿ ಸಹಾಯಕರ ಕಾಲನ್ನು ಹೊಡೆದಿರಬೇಕು. ಮೂಳೆಗೆ ಎರಡು ಸೆಂಟಿಮೀಟರು ಬಾಗುವ ಅನುಕೂಲವೂ ಇರಲಿಲ್ಲ.

ಪಕ್ಕದ ಗೋಡೆಗಳ ಮೇಲಂತೂ ಭರವಸೆ ಇಡುವಂತಿಲ್ಲ. ತೆಳುವಾದ ತಗಡನ್ನು ಅಲ್ಲೊಂದು ಇಲ್ಲೊಂದು ನಿಲುಗಂಬಕ್ಕೆ ರಿವೆಟ್ಟು ಹೊಡೆದು ನಿಲ್ಲಿಸಿರುವುದು ಮಳೆ ಬಿಸಿಲುಗಳನ್ನು ತಡೆಯಲು. ಸರಕನ್ನು ತಡೆಯಲು ಅಲ್ಲ. ನಮ್ಮ ಮೋಟಾರು ವಾಹನಗಳ ಕಾನೂನಿಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ ಗಾಡಿಯ ಅಂಚನ್ನು ಮೀರಿ ಹೊರಚಾಚುವ ಹೊರೆಗೆ ಇಪ್ಪತ್ತು ಸಾವಿರ ರೂಪಾಯಿ ದಂಡವಿದೆ. ಒಳ್ಳೆಯದೇ. ಆದರೆ ಹೊರಚಾಚಿದ್ದು ಪೋಲೀಸರ ಕಣ್ಣಿಗೆ ಬೀಳುವುದು. ಮುಚ್ಚಿದ ಗೂಡಿನೊಳಗೆ ಸಡಿಲವಾಗಿ ನಿಂತಿರುವುದು ಯಾರ ಕಣ್ಣಿಗೆ ಬೀಳಬೇಕು?

ಸಹಾಯಕರು ಕೆಲಸಕ್ಕೆ ಮರಳಿದ ಮೇಲೆ ವಿಭಾಗಕ್ಕೆಂದೇ ಒಂದು ಹಳೆಯ ಸಣ್ಣ ಗೂಡುಗಾಡಿಯನ್ನು ಕೊಂಡು, ಅದಕ್ಕೆ ಕಟ್ಟುವ ಸಾಧನಗಳನ್ನು ಕೂಡಿಸುವುದೆಂದು ತೀರ್ಮಾನವಾಯಿತು. ನಮ್ಮ ಬಡಾವಣೆಗೆ ತಗುಲಿಕೊಂಡಿರುವ ತಿಪ್ಪಸಂದ್ರದಲ್ಲಿ ಗಾಡಿಗಳ ಬಾಡಿ ಕಟ್ಟುವ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಮುಂದೆ ನಮ್ಮ ನಕ್ಷೆಯನ್ನು ಹರಡಿದೆವು. ನೆಲದ ಪ್ಲೈವುಡ್ಡಿಗೆ ಎಂಟು ಕಡೆ ಕಬ್ಬಿಣದ ಬಳೆಗಳನ್ನಿಟ್ಟು, ಒಂದೊಂದಕ್ಕೂ ನಾಲ್ಕು ದಪ್ಪ ಸ್ಕ್ರೂ ಬಿಗಿಯುವುದು ನಮ್ಮ ಯೋಜನೆ. ಅವರು ನಕ್ಷೆಯನ್ನು ನೋಡಿ, “ಸಾರ್, ಬೆಲ್ಟ್ ಗಟ್ಟಿಯಾಗಿದೆ, ಬಳೆನೂ ಗಟ್ಟಿಯಾಗಿದೆ. ಹಲಗೆ ಯಾರಪ್ಪಂದು?” ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ಇಡೀ ಶಾಸ್ತ್ರವೇ ಇದೆ. ಸರಪಣಿಯ ಬಲ ಅದರ ಅತ್ಯಂತ ದುರ್ಬಲವಾದ ಕೊಂಡಿಯ ಬಲ. ಇಲ್ಲಿ ಕೊನೆಯ ಕೊಂಡಿ ಗಾಡಿಯ ನೆಲ. ಮರಕ್ಕೆ ಹಾಕಿದ ಸ್ಕ್ರೂವನ್ನು ಹಿಡಿದಿರುವುದು ಅದರ ಎಳೆಗಳಿಗೆ ಸಿಕ್ಕಿರುವ ನಾಲ್ಕಾರು ಪದರ ನಾರು ಮಾತ್ರ. ಆದುದರಿಂದ ಬೋಲ್ಟನ್ನು ನೆಲದ ಆಚೆಗೆ ತೂರಿಸಿ ಕೆಳಗಿನಿಂದ ನಟ್ಟು ಹಾಕಬೇಕು. ಅಷ್ಟೂ ಸಾಲದು. ಸಾಧಾರಣ ವಾಷರು ಪ್ಲೈವುಡ್ಡನ್ನು ಒತ್ತುವ ಕ್ಷೇತ್ರ ಎರಡು ಚದರ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಐನೂರು ಕಿಲೋ ಬಲ ಬಿದ್ದರೆ ಅದು ಮರವನ್ನು ಜಜ್ಜಿ ಒಳಹೊಗುವುದು. ಅದರ ಬದಲು ಹತ್ತು ಸೆಂಟಿಮೀಟರು ಚೌಕದ ಕಬ್ಬಿಣದ ತಟ್ಟೆಯನ್ನು ಕೆಳಗೆ ಕೊಟ್ಟರೆ ಕ್ಷೇತ್ರ ನೂರು ಚದರ ಸೆಂಟಿಮೀಟರಾಗಿ, ಒತ್ತಡವು ನಲವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುವುದು. ಇನ್ನೂ ಮೇಲಾದುದೆಂದರೆ ನೆಲದಡಿಯಲ್ಲಿ ಅಡ್ಡಡ್ಡ ಹಾಯ್ದಿರುವ ಉಕ್ಕಿನ ತೊಲೆಗಳಿಗೇ ಬೋಲ್ಟು ಸಿಕ್ಕುವಂತೆ ಬಳೆಯ ಜಾಗವನ್ನು ಆರಿಸಿಕೊಳ್ಳುವುದು. ಮೇಸ್ತ್ರಿಗಳು ರಂಧ್ರ ಕೊರೆಯುವ ಮೊದಲು ಗಾಡಿಯ ಕೆಳಗೆ ನುಸುಳಿ, ಬ್ರೇಕಿನ ಕೊಳವೆ, ಡೀಸೆಲ್ ಕೊಳವೆ, ವಿದ್ಯುತ್ ತಂತಿ ಎಲ್ಲೆಲ್ಲಿ ಹಾಯ್ದಿವೆಯೆಂಬುದನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಉದ್ದಕ್ಕೆ ಹೋಗುವ ಮುಖ್ಯ ಚಾಸಿಯ ಉಕ್ಕಿಗೆ ಮಾತ್ರ ಕೊರಡನ್ನು ಮುಟ್ಟಿಸಲೇ ಇಲ್ಲ. ಅಲ್ಲಿ ತೂತು ಮಾಡಿದರೆ ಗಾಡಿಯ ಬೆನ್ನುಮೂಳೆಯನ್ನೇ ದುರ್ಬಲಗೊಳಿಸಿದಂತೆ. ಕೊರೆದ ರಂಧ್ರಗಳಿಗೆ ನೀರಿಳಿಯದ ಅಂಟನ್ನು ಮೆತ್ತಿದರು. ಇಲ್ಲದಿದ್ದರೆ ಮಳೆಗಾಲ ಎರಡು ಕಳೆಯುವಷ್ಟರಲ್ಲಿ ಬೋಲ್ಟಿನ ಸುತ್ತ ಹಲಗೆ ಕೊಳೆಯುವುದು.

ಹಡಗಿನ ಕಂಟೇನರುಗಳಲ್ಲಿ ಈ ವ್ಯವಸ್ಥೆ ಕಾರ್ಖಾನೆಯಿಂದಲೇ ಬರುವುದು. ಭಾರತದ ಮೊದಲ ಒಳನಾಡ ಕಂಟೇನರ್ ನಿಲ್ದಾಣ 1981ರಲ್ಲಿ ಸ್ಥಾಪಿತವಾದುದು ಬೆಂಗಳೂರಿನಲ್ಲಿಯೇ. ಈಗ ನಮ್ಮ ಪೂರ್ವಕ್ಕೆ ವೈಟ್‌ಫೀಲ್ಡಿನಲ್ಲಿ ದೊಡ್ಡ ನಿಲ್ದಾಣವಿದೆ. ಅಂಥ ಕಂಟೇನರಿನೊಳಗೆ ಇಣುಕಿ ನೋಡಿದರೆ ನೆಲದ ಅಂಚಿನಲ್ಲಿಯೂ ಸೂರಿನ ಅಂಚಿನಲ್ಲಿಯೂ ಸಾಲುಸಾಲಾಗಿ ಸಣ್ಣ ಕಬ್ಬಿಣದ ಕೊಂಡಿಗಳು ಕಾಣುವುವು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಇವುಗಳಲ್ಲಿ ಕೆಳಗಿನ ಒಂದೊಂದೂ ಕನಿಷ್ಠ ಸಾವಿರ ಕಿಲೋ, ಮೇಲಿನ ಒಂದೊಂದೂ ಐನೂರು ಕಿಲೋ ಎಳೆತವನ್ನು ತಾಳಬೇಕು. ನಮ್ಮ ಗಾಡಿಗೂ ಇದನ್ನೇ ಅಳತೆಯಾಗಿ ಇಟ್ಟುಕೊಂಡೆವು.

ಆದರೆ ಬಳೆಗಳಿಗೆ ಒಂದು ಕೊರತೆ. ಸಾಮಾನಿನ ಅಳತೆ ಬದಲಾದಂತೆಲ್ಲ ಅವು ಬೇಕಾದ ಜಾಗದಲ್ಲಿ ಇರುವುದಿಲ್ಲ. ಇದಕ್ಕೆ ಪರಿಹಾರ ಹಳಿ. ಗೋಡೆಯ ನಿಲುಗಂಬಗಳಿಗೆ ಅಡ್ಡಲಾಗಿ ಉಕ್ಕಿನ ಉದ್ದ ಪಟ್ಟಿಯೊಂದನ್ನು ಬಿಗಿದು, ಅದರ ತುಂಬ ಕಿಂಡಿಗಳನ್ನಿಟ್ಟರೆ, ಬೆಲ್ಟಿನ ತುದಿಯ ಕೊಕ್ಕೆಯನ್ನು ಎಲ್ಲಿ ಬೇಕೋ ಅಲ್ಲಿ ಸಿಕ್ಕಿಸಬಹುದು. ನೆಲಕ್ಕೆ ಹಾಕುವ ಇನ್ನೊಂದು ಬಗೆಯ ಸಪೂರವಾದ ಹಳಿ ವಿಮಾನದಿಂದ ಬಂದುದು. ವಿಮಾನದ ಆಸನಗಳ ಕಾಲುಗಳನ್ನು ನೆಲಕ್ಕೆ ಬಂಧಿಸುವ ಲೋಹದ ಹಳಿಯನ್ನು ವಾಚಕರಲ್ಲಿ ಕೆಲವರು ಗಮನಿಸಿರಬಹುದು. ಅದರಲ್ಲಿ ಅಂಗುಲಕ್ಕೊಂದರಂತೆ ದುಂಡನೆಯ ಬಾಯಿಗಳಿರುವುವು. ಆಸನಗಳನ್ನು ಮುಂದೆ ಹಿಂದೆ ಸರಿಸಿ ಕೂಡಿಸಲು ಮಾಡಿದ ಉಪಾಯ ಈಗ ಸರಕಿನ ಗಾಡಿಗೂ ಇಳಿದಿದೆ. ನಾವು ಗೋಡೆಗೆ ಎರಡು ಸಾಲು ಹಳಿ, ನೆಲಕ್ಕೆ ಎಂಟು ಬಳೆ ಎಂದು ಗೊತ್ತುಮಾಡಿಕೊಂಡೆವು. ಹಳಿಯನ್ನು ನಿಲುಗಂಬಗಳಿಗೇ ಬಿಗಿಯಬೇಕು. ನಡುವಣ ತಗಡಿಗೆ ಬಿಗಿದರೆ ಅದು ಗೋಡೆಗೆ ಅಂಟಿಸಿದ ಅಲಂಕಾರವಾದೀತು.

ಬೆಲ್ಟುಗಳನ್ನು ಎಸ್.ಜೆ.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡೆವು. “ಎರಡೂವರೆ ಟನ್ ಹಿಡಿಯುತ್ತೆ, ಒಂದೇ ಸಾಕು” ಎಂದು ಅಂಗಡಿಯವನು ಭರವಸೆ ಕೊಟ್ಟನು. ಅವನು ಸುಳ್ಳು ಹೇಳಲಿಲ್ಲ. ಆದರೆ ಆ ಸಂಖ್ಯೆಯ ಅರ್ಥವನ್ನು ತಿಳಿಯದಿದ್ದರೆ ಅಪಾಯವುಂಟು. ಪಾಲಿಯೆಸ್ಟರ್ ಬೆಲ್ಟಿಗೆ ಹೊಲಿದಿರುವ ನೀಲಿ ಚೀಟಿಯಲ್ಲಿ ಎರಡು ಸಂಖ್ಯೆಗಳಿರುವುವು. ಎಲ್‌ಸಿ 2,500 ಎಂಬುದು ಬೆಲ್ಟು ನೇರ ಎಳೆತದಲ್ಲಿ ತಾಳಬಲ್ಲ ಮಿತಿ. ಎಸ್‌ಟಿಎಫ್ 250 ಎಂಬುದು ಹಲ್ಲುಗಾಲಿಯ ಹಿಡಿಯನ್ನು ಐವತ್ತು ಕಿಲೋ ಬಲದಿಂದ ಎಳೆದು ಬಿಟ್ಟಾಗ ಬೆಲ್ಟಿನಲ್ಲಿ ಉಳಿಯುವ ಬಿಗಿ. ಪೆಟ್ಟಿಗೆಯ ಮೇಲಿಂದ ಹಾಯಿಸಿ ಎರಡು ಕಡೆಯೂ ನೆಲಕ್ಕೆ ಬಿಗಿಯುವಾಗ ಬೆಲ್ಟು ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಅದನ್ನು ನೆಲಕ್ಕೆ ಒತ್ತಿ ಅದರ ಘರ್ಷಣೆಯನ್ನು ಹೆಚ್ಚಿಸುವುದು, ಅಷ್ಟೆ. ಈ ಕೆಲಸಕ್ಕೆ ಒದಗುವುದು 250, ಎರಡೂವರೆ ಸಾವಿರವಲ್ಲ.

ಆ 250 ಕೂಡ ಪೂರ್ತಿಯಾಗಿ ದಕ್ಕುವುದಿಲ್ಲ. ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ಹತ್ತು ವರ್ಷದ ಹುಡುಗನೂ ಅದನ್ನು ಹಿಡಿದು ನಿಲ್ಲಬಲ್ಲನೆಂಬುದನ್ನು ಹಳ್ಳಿಯಲ್ಲಿ ಬೆಳೆದವರು ಕಂಡಿರುತ್ತಾರೆ. ಹಗ್ಗ ಕಂಬವನ್ನು ಬಳಸಿದಷ್ಟೂ ಒಂದು ತುದಿಯ ಎಳೆತ ಇನ್ನೊಂದು ತುದಿಗೆ ತಲುಪುವುದು ಕಡಿಮೆಯಾಗುವುದು. ಬೆಲ್ಟು ಪೆಟ್ಟಿಗೆಯ ಎರಡು ಮೂಲೆಗಳಲ್ಲಿ ಬಾಗುವಾಗ ಆಗುವುದೂ ಇದೇ. ಹಲ್ಲುಗಾಲಿ ಇರುವ ಕಡೆ 250 ಇದ್ದರೆ ಆಚೆಯ ಕಡೆ ಅದರ ಅರ್ಧದಷ್ಟೇ ಉಳಿಯುವುದು ಸಾಮಾನ್ಯ. ಮೂಲೆಗಳಿಗೆ ನುಣುಪಾದ ಪ್ಲಾಸ್ಟಿಕ್ ಕೋನಗಳನ್ನು ಕೊಟ್ಟರೆ ನಷ್ಟ ಕಡಿಮೆ. ಬೆಲ್ಟು ಕೊಯ್ದುಹೋಗುವುದೂ ತಪ್ಪುವುದು.

ನಮ್ಮ ನೂರು ಕಿಲೋ ಪೆಟ್ಟಿಗೆಗೆ ಈಗ ಲೆಕ್ಕ ಮಾಡೋಣ. ಕೊರತೆ ಬಿದ್ದ ಐದು ಪಾಲು ಎಂದರೆ ಐವತ್ತು ಕಿಲೋ ಬಲ. ಘರ್ಷಣಾಂಕ 0.3 ಇರುವಾಗ ಐವತ್ತು ಕಿಲೋ ಘರ್ಷಣೆ ಹುಟ್ಟಬೇಕಾದರೆ 167 ಕಿಲೋ ಬಲದಿಂದ ಕೆಳಕ್ಕೆ ಒತ್ತಬೇಕು. ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧ ಎಂದು ಹಿಡಿದರೆ ಬೆಲ್ಟಿನ ಬಿಗಿ 111 ಕಿಲೋ ಇರಬೇಕು. ಬೆಲ್ಟು ನೆಟ್ಟಗೆ ಕೆಳಕ್ಕೆ ಇಳಿದಿದ್ದರೆ ಮಾತ್ರ ಈ ಲೆಕ್ಕ. ಅದು ಓರೆಯಾಗಿ, ನೆಲದಿಂದ ಮೂವತ್ತು ಡಿಗ್ರಿ ಕೋನದಲ್ಲಿ ಚಾಚಿಕೊಂಡಿದ್ದರೆ ಎಳೆತದ ಅರ್ಧಪಾಲು ಮಾತ್ರ ಕೆಳಮುಖವಾಗುವುದು. ಆಗ ಬೇಕಾದುದು 222 ಕಿಲೋ. ಒಂದು ಬೆಲ್ಟಿನ ಶಕ್ತಿ ಅಲ್ಲಿಗೇ ಮುಗಿಯಿತು. ಪೆಟ್ಟಿಗೆ ಇನ್ನೂರು ಕಿಲೋ ಇದ್ದರೆ ಎರಡು ಬೆಲ್ಟು ಬೇಕು, ಐನೂರು ಕಿಲೋ ಇದ್ದರೆ ಐದು. ಭಾರವಾದುದಕ್ಕೆ ಕಟ್ಟು ಬೇಡವೆಂಬ ಮಾತಿಗೆ ಇದೇ ಉತ್ತರ.

ಕಟ್ಟಿದ್ದೇವೆಂಬುದು ಬೇರೆ, ಸಾಕಷ್ಟು ಕಟ್ಟಿದ್ದೇವೆಂಬುದು ಬೇರೆ. 2013ರ ಏಪ್ರಿಲ್ 29ರಂದು ಆಫ್ಘಾನಿಸ್ತಾನದ ಬಗ್ರಾಂ ನೆಲೆಯಿಂದ ಮೇಲೇರಿದ ಬೋಯಿಂಗ್ 747 ಸರಕುವಿಮಾನವೊಂದರಲ್ಲಿ ಐದು ಸೇನಾವಾಹನಗಳಿದ್ದುವು. ಅವುಗಳಿಗೆ ಒಂದೆರಡಲ್ಲ, ಹತ್ತಾರು ಪಟ್ಟಿಗಳನ್ನು ಬಿಗಿದಿದ್ದರು. ವಿಮಾನ ಮೂಗೆತ್ತಿ ಏರುತ್ತಿದ್ದಂತೆ ಒಂದು ವಾಹನ ಕಿತ್ತುಕೊಂಡು ಹಿಂದಕ್ಕೆ ಸರಿದು ಬಾಲದ ನಿಯಂತ್ರಣ ಯಂತ್ರಗಳನ್ನು ಮುರಿಯಿತು. ವಿಮಾನ ನೆಲಕ್ಕಪ್ಪಳಿಸಿ ಏಳು ಮಂದಿಯೂ ಸತ್ತರು. ಸರಕನ್ನು ಬಂಧಿಸಿದ ವಿಧಾನವೇ ಸಾಲದ್ದಾಗಿತ್ತೆಂದು ವಿಚಾರಣೆ ಮಾಡಿದ ಅಮೆರಿಕದ ಮಂಡಳಿ ನಿರ್ಣಯಿಸಿತು.

ನಮಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯ ತಂದುದು ಅತ್ಯಂತ ಅಗ್ಗದ ಸಾಮಗ್ರಿ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ರಬ್ಬರ್ ಹಾಸುಗಳು ಸಿಕ್ಕಿದುವು. ಒಂದು ತುಂಡನ್ನು ಹಲಗೆಯ ಮೇಲೆ ಹಾಸಿ ಡಬ್ಬಿಯನ್ನಿಟ್ಟರೆ, ತುದಿಯನ್ನು 51 ಸೆಂಟಿಮೀಟರು ಎತ್ತುವ ತನಕ ಅದು ಕದಲಲಿಲ್ಲ. ಘರ್ಷಣಾಂಕ 0.6ಕ್ಕೆ ಏರಿತ್ತು, ಯೂರೋಪಿನ ಮಾನಕವೂ ರಬ್ಬರ್ ಹಾಸಿಗೆ ಇದೇ ಬೆಲೆಯನ್ನು ಕೊಡುವುದು. ಈಗ ಎಂಟು ಪಾಲಿನಲ್ಲಿ ಆರನ್ನು ನೆಲವೇ ಹೊರುವುದು; ಉಳಿದ ಎರಡಕ್ಕಾಗಿ 33 ಕಿಲೋ ಒತ್ತಿದರೆ ಸಾಕು, ಬೆಲ್ಟಿನ ಬಿಗಿ ಬರಿಯ 22. ಘರ್ಷಣೆ ಎರಡರಷ್ಟಾದರೆ ಬೆಲ್ಟಿನ ಹೊರೆ ಐದರಲ್ಲಿ ಒಂದಾಗುವುದು! ಹಾಗೆಂದು ಬೆಲ್ಟನ್ನು ಬಿಟ್ಟುಬಿಡುವಂತಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಎತ್ತರದ ಸಾಮಾನಿನ ಮಾತೇ ಬೇರೆ. ಎರಡು ಮೀಟರು ಎತ್ತರ, ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ ಆಳದ ಉಕ್ಕಿನ ಬೀರು ನಮ್ಮ ಪ್ರತಿ ಮನೆಯಲ್ಲಿಯೂ ಇರುವುದಷ್ಟೆ. ಅದರ ಗುರುತ್ವಕೇಂದ್ರ ಒಂದು ಮೀಟರು ಎತ್ತರದಲ್ಲಿ, ತಳದ ಅಂಚಿನಿಂದ 24 ಸೆಂಟಿಮೀಟರು ಒಳಗೆ. ಮುಖ ಮುಂದೆ ಮಾಡಿ ನಿಲ್ಲಿಸಿದರೆ, ತೂಕದ ನೂರರಲ್ಲಿ 24 ಪಾಲಿನ ಬಲಕ್ಕೇ ಅದು ಮುಗ್ಗರಿಸುವುದು; ಜಾರಲು ಬೇಕಾದ 30 ಪಾಲು ಬರುವುದಕ್ಕೆ ಮೊದಲೇ! ರಬ್ಬರ್ ಹಾಸು ಇಲ್ಲಿ ಉಪಕಾರಕ್ಕೆ ಬಾರದು. ಬೀರುವನ್ನು ಪಕ್ಕದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಅದರ ಎತ್ತರದ ಮೂರರಲ್ಲಿ ಎರಡು ಪಾಲಿನ ಮೇಲೆ ಒಂದು ಬೆಲ್ಟನ್ನು ಗೋಡೆಯ ಹಳಿಗೆ ಬಿಗಿಯಬೇಕು. ನಮ್ಮ ಮೇಲಿನ ಸಾಲಿನ ಹಳಿ ಇರುವುದು ಇದಕ್ಕಾಗಿಯೇ.

ಹೀಗೆ ಬೆಲ್ಟು ಹಾಸುಗಳೊಡನೆ ಹೆಣಗುತ್ತಿದ್ದ ದಿನಗಳಲ್ಲಿ, ಇಡೀ ದೇಶದಲ್ಲಿಯೇ ಅತ್ಯಂತ ಜೋಪಾನವಾಗಿ ಸರಕು ತುಂಬುವ ಗೂಡುಗಾಡಿಗಳು ನಮ್ಮ ನೆರೆಯಿಂದಲೇ ಹೊರಡುವುವೆಂಬುದು ನೆನಪಾಗಿ ನಗು ಬಂದಿತು. ಹಳೆಯ ವಿಮಾನನಿಲ್ದಾಣ ರಸ್ತೆಯಲ್ಲಿರುವ ಯು. ಆರ್. ರಾವ್ ಉಪಗ್ರಹ ಕೇಂದ್ರ ನಮ್ಮ ಬಡಾವಣೆಯಿಂದ ನಡೆದು ಹೋಗುವಷ್ಟು ದೂರ. ಇಲ್ಲಿ ಸಿದ್ಧವಾದ ಉಪಗ್ರಹಗಳು ಶ್ರೀಹರಿಕೋಟಕ್ಕೆ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ರಸ್ತೆಯಲ್ಲಿಯೇ, ಮುಚ್ಚಿದ ಗೂಡಿನಲ್ಲಿ, ಮೆಲ್ಲಮೆಲ್ಲನೆ ಕ್ರಮಿಸುವುವು. 2013ರ ನವೆಂಬರ್ 5ರಂದು ಮಂಗಳನತ್ತ ಹೊರಟ ನೌಕೆಯೂ ಅದಕ್ಕೆ ಮುಂಚೆ ಹೀಗೆಯೇ ಪಯಣ ಮಾಡಿತ್ತು. ಹಾರುವಾಗ ಅದರ ತೂಕ 1,337 ಕಿಲೋಗ್ರಾಂ. ಅದರಲ್ಲಿ 852 ಕಿಲೋಗ್ರಾಂ ಇಂಧನವೇ. ಇಂಧನವನ್ನು ತುಂಬುವುದು ಶ್ರೀಹರಿಕೋಟದಲ್ಲಿ. ಹೀಗಾಗಿ ರಸ್ತೆಯ ಮೇಲೆ ಒಳಗೆ ತುಳುಕಾಡುವ ದ್ರವವಿರಲಿಲ್ಲ. ಇಂಥ ಸರಕಿನ ಮೇಲೆ ಬೆಲ್ಟು ಹಾಯಿಸುವಂತಿಲ್ಲ. ರಾಕೆಟ್ಟಿಗೆ ಕೂಡಿಸಲೆಂದು ಉಪಗ್ರಹದ ಬುಡದಲ್ಲಿ ಗಟ್ಟಿಯಾದ ಬಳೆಯೊಂದು ಇರುವುದು; ಸಾಗಿಸುವಾಗಲೂ ಅದನ್ನು ಹಿಡಿಯುವುದು ಸಾಮಾನ್ಯವಾಗಿ ಆ ಬಳೆಯಿಂದಲೇ. ಕೆಳಗೆ ಕುಲುಕಾಟವನ್ನು ನುಂಗುವ ಸ್ಪ್ರಿಂಗಿನಂಥ ಆಧಾರಗಳಿರುವುವು. ರಾಕೆಟ್ಟಿನ ಅಬ್ಬರವನ್ನು ತಾಳಲೆಂದೇ ಕಟ್ಟಿದ ವಸ್ತು ರಸ್ತೆಯ ಗುಂಡಿಯಲ್ಲಿ ಅದಕ್ಕಿಂತ ಹೆಚ್ಚಿನ ಪೆಟ್ಟು ತಿನ್ನಬಾರದೆಂಬುದು ಇಲ್ಲಿನ ಸೂತ್ರ. ಪ್ರಸಂಗವಶಾತ್ ಹೇಳುವುದಾದರೆ, 1981ರ ಜೂನ್ 19ರಂದು ಹಾರಿದ ಆ್ಯಪಲ್ ಉಪಗ್ರಹದ ಆಂಟೆನಾವನ್ನು ಪರೀಕ್ಷಿಸುವಾಗ, ಲೋಹದ ಗಾಡಿ ರೇಡಿಯೋ ಅಲೆಗಳಿಗೆ ಅಡ್ಡಿಮಾಡುವುದೆಂದು, ಇದೇ ಬೆಂಗಳೂರಿನಲ್ಲಿ ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ್ದರು. ಆ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಅದನ್ನು ಗಾಡಿಗೆ ಹೇಗೆ ಬಿಗಿದಿದ್ದರೆಂಬುದನ್ನು ಹುಡುಕುವ ಚಟ ನಮಗೀಗ ಅಂಟಿದೆ.

ಬೆಲ್ಟನ್ನು ಬಿಡಬಾರದೆಂದೆವಲ್ಲ, ಅದರ ಕಾರಣ ಈ ಗುಂಡಿಗಳೇ. ಚಕ್ರ ಗುಂಡಿಗೆ ಇಳಿದಾಗ ಅಥವಾ ಉಬ್ಬನ್ನು ಹಾರಿದಾಗ ನೆಲ ಒಂದು ಕ್ಷಣ ಸಾಮಾನಿನಡಿಯಿಂದ ಜಾರಿಕೊಳ್ಳುವುದು. ಆ ಕ್ಷಣದಲ್ಲಿ ತೂಕ ನೆಲವನ್ನು ಒತ್ತುವುದಿಲ್ಲ. ಒತ್ತದಿದ್ದ ಮೇಲೆ ಘರ್ಷಣೆ ಎಲ್ಲಿಯದು? ಹೀಗೆ ಒಂದೊಂದು ಕುಲುಕಿಗೂ ಕೂದಲೆಳೆಯಷ್ಟು ಸರಿದು, ಹತ್ತು ಮೈಲಿಯಲ್ಲಿ ಪೆಟ್ಟಿಗೆ ಗೇಣುದ್ದ ನಡೆದಿರುವುದು. ಬೆಲ್ಟಿನ ಒತ್ತಡ ಮಾತ್ರ ಗುಂಡಿಯಲ್ಲಿಯೂ ಬಿಡದು. ಪಾಲಿಯೆಸ್ಟರ್ ಸ್ವಲ್ಪ ಹಿಗ್ಗುವ ವಸ್ತುವಾದುದರಿಂದ ಪೆಟ್ಟಿಗೆ ಒಂದೆರಡು ಮಿಲಿಮೀಟರು ಕುಸಿದರೂ ಬಿಗಿ ಉಳಿಯುವುದು. ಉಕ್ಕಿನ ಸರಪಣಿಯಾದರೆ ಅಷ್ಟಕ್ಕೇ ಸಡಿಲವಾಗುವುದು. ಹೆಚ್ಚು ಕುಸಿದರೆ ಬೆಲ್ಟೂ ಸಡಿಲವೇ. ಆದುದರಿಂದ ಹೊರಟ ಸ್ವಲ್ಪ ದೂರದಲ್ಲಿ ಒಮ್ಮೆ ನಿಲ್ಲಿಸಿ ನೋಡದೆ ಗತಿಯಿಲ್ಲ.

ಕಳೆದ ಚಳಿಗಾಲದಲ್ಲಿ ಅದೇ ಶಾಲೆಗೆ, ಹೊಸ ಜಾಡಿಯೊಡನೆ, ಅದೇ ದಾರಿಯಲ್ಲಿ ಹೋದೆವು. ಸಹಾಯಕರು ಈ ಸಲ ಚಾಲಕನ ಪಕ್ಕದಲ್ಲಿ ಕುಳಿತಿದ್ದರು. ಹೊಸಕೋಟೆಯಲ್ಲಿ ಗಾಡಿ ನಿಲ್ಲಿಸಿ ಬಾಗಿಲು ತೆಗೆದಾಗ ಅವರೇ ಮೊದಲು ಒಳಗೆ ಹತ್ತಿ, ಒಂದೊಂದು ಬೆಲ್ಟನ್ನೂ ತಂಬೂರಿಯ ತಂತಿಯಂತೆ ಬೆರಳಿನಿಂದ ಮೀಟಿದರು. ಬಿಗಿಯಾದ ಬೆಲ್ಟು ಝುಂ ಎನ್ನುವುದು, ಸಡಿಲವಾದುದು ಥಪ್ಪೆನ್ನುವುದು. ಇದನ್ನು ನಾವು ಅವರಿಗೆ ಹೇಳಿಕೊಟ್ಟದ್ದಲ್ಲ. ಬ್ಯಾಟರಿಗಳ ಪೆಟ್ಟಿಗೆಯ ಮೇಲಿನ ಬೆಲ್ಟು ಥಪ್ಪೆಂದಿತು. ಅಡಿಯಲ್ಲಿದ್ದ ರಟ್ಟು ನುಗ್ಗಾಗಿದ್ದಿತು. “ಇದು ಸತ್ತಿದೆ ಸಾರ್” ಎನ್ನುತ್ತ ರಟ್ಟನ್ನು ಕಿತ್ತು ಹಾಕಿ, ಹಲ್ಲುಗಾಲಿಯನ್ನು ಮತ್ತೆ ಬಿಗಿದು, ಇನ್ನೊಮ್ಮೆ ಮೀಟಿ ನೋಡಿ ಕೆಳಗಿಳಿದರು. ಜಾಡಿ ಬಿರುಕಿಲ್ಲದೆ ಶಾಲೆಯನ್ನು ಮುಟ್ಟಿತು. ಆ ದಿನ ಮಕ್ಕಳಿಗೆ ಹಲಗೆಯ ಪ್ರಯೋಗವನ್ನು ಮಾಡಿ ತೋರಿಸಿದವರು ಅವರೇ.